ಸಾಲು ರಜೆಯ ಪ್ರವಾಸ: ಚಾಲಕರಿಗೆ ನಿದ್ದೆ ಆಗಿದೆಯೇ?

ಶುಕ್ರವಾರ ಹಬ್ಬ ಬಿದ್ದು ಶನಿವಾರ, ಭಾನುವಾರ ಅದಕ್ಕೆ ಕೂಡಿಕೊಂಡರೆ ಬೆಂಗಳೂರಿನ ಜನ ಊರಿನ ದಾರಿ ಹಿಡಿಯುತ್ತಾರೆ. ಧರ್ಮಸ್ಥಳ, ಹೊರನಾಡು, ಮಡಿಕೇರಿ ಎಂದು ಹೊರಡುವ ಸಂಸಾರಗಳೂ ಕಡಿಮೆಯೇನಲ್ಲ. ಚಕ್ಕುಲಿ ಡಬ್ಬಿ, ನೀರಿನ ಬಾಟಲಿ, ಮಕ್ಕಳ ಸ್ವೆಟರ್ ಎಲ್ಲವನ್ನೂ ನೆನಪಿಟ್ಟು ಕಟ್ಟಿಕೊಳ್ಳುತ್ತೇವೆ. ಆದರೆ ಕಾರು ಓಡಿಸುವವರು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು ಎಂದು ಯಾರೂ ಕೇಳುವುದಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅತಿವೇಗವನ್ನು ಕ್ಯಾಮೆರಾ ಹಿಡಿಯುತ್ತದೆ, ಕುಡಿತವನ್ನು ಪೊಲೀಸರ ಯಂತ್ರ ಹಿಡಿಯುತ್ತದೆ. ನಿದ್ದೆಗೆಟ್ಟವರನ್ನು ರಸ್ತೆಯಲ್ಲಿ ತಡೆದು ಅಳೆಯುವ ಯಂತ್ರ ಪೊಲೀಸರ ಕೈಯಲ್ಲಿಲ್ಲ. ಆ ತಪಾಸಣೆ ಮನೆಯವರೇ ಮಾಡಬೇಕು.

ಕುಡಿಯದೆಯೂ ಅಮಲು

ಬೆಳಿಗ್ಗೆ 6ಕ್ಕೆ ಎದ್ದು, ಕಚೇರಿ ಮುಗಿಸಿ, ಊಟ ಮಾಡಿ, ‘ರಾತ್ರಿಯಾದರೆ ರಸ್ತೆ ಖಾಲಿ’ ಎಂದು 11 ಗಂಟೆಗೆ ಹೊರಡುವವರು ಬಹಳ. ಆ ಹೊತ್ತಿಗೆ ಅವರು ಎಚ್ಚರವಾಗಿದ್ದು 17 ಗಂಟೆಯಾಗಿರುತ್ತದೆ. ಇಷ್ಟು ಹೊತ್ತು ನಿದ್ದೆಯಿಲ್ಲದ ಮೆದುಳು, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 50 ಮಿಲಿಗ್ರಾಂ ಮದ್ಯಸಾರ ಇರುವವರ ಮೆದುಳಿನಷ್ಟೇ ಮಂದವಾಗುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಅಂದರೆ, ತೊಟ್ಟೂ ಕುಡಿಯದ ಸಭ್ಯ ಗೃಹಸ್ಥರು ಕುಡಿದವರಂತೆ ಕಾರು ಓಡಿಸುತ್ತಿರುತ್ತಾರೆ.

ತೂಕಡಿಕೆ ಹೇಳಿ ಬರುವುದಿಲ್ಲ. ಕಣ್ಣು ತೆರೆದಿದ್ದರೂ ಮೆದುಳು ಮೂರು ನಾಲ್ಕು ಸೆಕೆಂಡು ಮಲಗಿಬಿಡಬಹುದು. ಗಂಟೆಗೆ 90 ಕಿ.ಮೀ. ವೇಗದ ಕಾರು 4 ಸೆಕೆಂಡಿನಲ್ಲಿ 100 ಮೀಟರ್ ಓಡುತ್ತದೆ. ಅಷ್ಟು ದೂರ ಅದನ್ನು ಓಡಿಸುವವರೇ ಇರುವುದಿಲ್ಲ.

ನಸುಕಿನ 2ರಿಂದ 6 ಗಂಟೆಯವರೆಗೆ ದೇಹ ತಾನಾಗಿ ನಿದ್ದೆ ಬೇಡುತ್ತದೆ. ಮಧ್ಯಾಹ್ನ 2ರಿಂದ 4ರ ನಡುವೆ ಮತ್ತೊಮ್ಮೆ ಮಂಪರು ಕವಿಯುತ್ತದೆ. ಹೋಳಿಗೆ ಊಟ ಮುಗಿಸಿ ಕೂಡಲೇ ಹೊರಡಬೇಡಿ.

ಲಕ್ಷಣಗಳೇನು?

ಮೇಲಿಂದ ಮೇಲೆ ಆಕಳಿಕೆ, ಕಣ್ಣುರಿ, ತಲೆ ಜೋಲುವುದು, ಗಾಡಿ ಪಕ್ಕದ ಸಾಲಿಗೆ ಸರಿಯುವುದು, ಕಳೆದ ನಾಲ್ಕೈದು ಕಿಲೋಮೀಟರ್ ಹೇಗೆ ಬಂದೆವೆಂಬುದೇ ನೆನಪಿಲ್ಲದಿರುವುದು. ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಬೇಕು.

ಕಿಟಕಿ ತೆರೆಯುವುದು, ಜೋರಾಗಿ ಹಾಡು ಹಾಕುವುದು, ಎಲೆ ಅಡಿಕೆ ಜಗಿಯುವುದು ನಿದ್ದೆಗೆ ಮದ್ದಲ್ಲ. ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ. ಹೆದ್ದಾರಿಯ ಅಂಚಿನಲ್ಲಿ ಬೇಡ. ಒಂದು ಲೋಟ ಕಾಫಿ ಕುಡಿದು 15-20 ನಿಮಿಷ ಮಲಗಿ. ಕಾಫಿಯ ಗುಣ ತಲೆಗೇರಲು ಅರ್ಧ ಗಂಟೆ ಬೇಕು, ಏಳುವ ಹೊತ್ತಿಗೆ ಅದೂ ಸಿದ್ಧವಾಗಿರುತ್ತದೆ. ಎದ್ದ ಮೇಲೆ ನಾಲ್ಕು ಹೆಜ್ಜೆ ಓಡಾಡಿ. ಇದು ತಾತ್ಕಾಲಿಕ ಉಪಾಯವಷ್ಟೇ. ರಾತ್ರಿಯ 7-8 ಗಂಟೆ ನಿದ್ದೆಗೆ ಬದಲಿಯಲ್ಲ. ಎಚ್ಚರವಾಗಿದ್ದೇವೆ ಎನಿಸಿದರೂ ಎರಡು ಗಂಟೆಗೊಮ್ಮೆ ನಿಲ್ಲಿಸುವುದು ಒಳ್ಳೆಯದು.

ನೆಗಡಿ, ಅಲರ್ಜಿಗೆ ಕೊಡುವ ಹಲವು ಮಾತ್ರೆಗಳು ಮಂಪರು ತರುತ್ತವೆ. ಘಾಟಿ ದಾರಿಯಲ್ಲಿ ವಾಂತಿ ಬಾರದಿರಲೆಂದು ನುಂಗುವ ಮಾತ್ರೆಯೂ ಹಾಗೆಯೇ. ಚಾಲಕರು ವೈದ್ಯರನ್ನು ಕೇಳದೆ ಇವನ್ನು ಸೇವಿಸಬಾರದು.

ಬಾಡಿಗೆ ಗಾಡಿಯ ಚಾಲಕ

ಟೆಂಪೊ ಮಾಡಿಕೊಂಡು ಹೋದಾಗ ನಮಗೆ ಕೋಣೆ, ಹಾಸಿಗೆ. ಚಾಲಕನಿಗೆ ಗಾಡಿಯ ಸೀಟು, ಜೊತೆಗೆ ಸೊಳ್ಳೆ. ಮರುದಿನ ಘಟ್ಟ ಇಳಿಸಿ ಇಡೀ ಮನೆಮಂದಿಯನ್ನು ಊರಿಗೆ ಮುಟ್ಟಿಸಬೇಕಾದವನು ಅವನೇ. ವಸತಿ ಗೊತ್ತುಮಾಡುವಾಗ ಅವನಿಗೂ ಒಂದು ಹಾಸಿಗೆ ಕೇಳಿ. ‘ಇನ್ನೊಂದು ದೇವಸ್ಥಾನ ನೋಡಿಬಿಡೋಣ’ ಎಂದು ಹಗಲು ರಾತ್ರಿ ಓಡಿಸಬೇಡಿ. ಹೊರಡುವ ಮುನ್ನ ‘ನಿದ್ದೆ ಆಯಿತೇನಪ್ಪಾ?’ ಎಂದು ಕೇಳುವುದರಲ್ಲಿ ಸಂಕೋಚವೇನಿದೆ?

ನೆನಪಿರಲಿ

* ಹಿಂದಿನ ಸೀಟಿನವರೂ ಬೆಲ್ಟ್ ಕಟ್ಟಿಕೊಳ್ಳಬೇಕು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂರಬೇಡಿ.

* ಚಾಲಕರ ಪಕ್ಕ ಕೂತವರು ಮಾತಾಡುತ್ತಾ ಎಚ್ಚರವಾಗಿರಬೇಕು.

* ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಿ. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಸದುದ್ದೇಶದಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ರಕ್ಷಣೆ ಕೊಡುತ್ತದೆ.

ಹೋಗುವಾಗಿನ ಎಚ್ಚರ ಬರುವಾಗ ಇರುವುದಿಲ್ಲ. ಮೂರು ದಿನದ ಓಡಾಟ, ಹರಟೆ, ನಿದ್ದೆಗೇಡು ಎಲ್ಲವನ್ನೂ ಹೊತ್ತು ಭಾನುವಾರ ರಾತ್ರಿ ಹೊರಟು, ಸೋಮವಾರ ಕಚೇರಿಗೆ ಹಾಜರಾಗುವ ಆತುರ ಒಳ್ಳೆಯದಲ್ಲ. ಭಾನುವಾರ ಬೆಳಿಗ್ಗೆಯೇ ಹೊರಡಿ. ಆಗದಿದ್ದರೆ ಸೋಮವಾರ ಅರ್ಧ ದಿನ ರಜೆ ಹಾಕಿ, ರಾತ್ರಿ ಮಲಗಿ, ಬೆಳಕು ಹರಿದ ಮೇಲೆ ಬನ್ನಿ.