200 ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಬಿಲ್ಲಾ? ಗೃಹಜ್ಯೋತಿ ಲೆಕ್ಕ ಇಲ್ಲಿದೆ

‘ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ. 205 ಆದರೆ 5 ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟಿ’ ಎಂಬ ಅರ್ಥದ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಇದರ ಎರಡು ಮಾತೂ ತಪ್ಪು. ಚಿತ್ರದುರ್ಗ, ಹಿರಿಯೂರಿನ ಕಡೆ ಬೇಸಿಗೆಯಲ್ಲಿ ಫ್ಯಾನು, ಕೂಲರ್ ಹಗಲು ರಾತ್ರಿ ಓಡುತ್ತವೆ. ಈ ಮೆಸೇಜ್ ನಂಬಿ ಕೂತವರ ಜೇಬಿಗೆ ಪೆಟ್ಟು ಬೀಳುವುದು ಆ ತಿಂಗಳುಗಳಲ್ಲೇ.

2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಯೋಜನೆಯ ನಿಯಮ ಹೀಗಿದೆ: 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ, ಅದಕ್ಕೆ ಶೇ. 10 ಸೇರಿಸಿದರೆ ಬರುವುದೇ ನಿಮ್ಮ ಉಚಿತ ಯೂನಿಟ್. 200 ಎಂಬುದು ಗರಿಷ್ಠ ಮಿತಿ, ಎಲ್ಲರ ಪಾಲಲ್ಲ. (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಎಂದು ಬದಲಾಯಿತು. ಸರಾಸರಿ 30 ಇದ್ದವರಿಗೆ 33ರ ಬದಲು 40.)

ಸರಾಸರಿ 80 ಯೂನಿಟ್ ಇದ್ದ ಒಂದು ಮನೆಯನ್ನು ತೆಗೆದುಕೊಳ್ಳೋಣ. ಅವರ ಉಚಿತ ಪಾಲು 88. ತಿಂಗಳ ಬಳಕೆಯನ್ನು ‘ಯ’ ಎನ್ನೋಣ, ಬಿಲ್ಲನ್ನು ‘ಬ’ ಎನ್ನೋಣ. ದರ 2024ರ ಏಪ್ರಿಲ್‌ನಲ್ಲಿ ಜಾರಿಯಾದ 5.90 ರೂಪಾಯಿ ಇರಲಿ. ಆಮೇಲೆ ದರ ಬದಲಾಗಿದೆ, ಆದರೆ ಲೆಕ್ಕದ ದಾರಿ ಅದೇ. ತೆರಿಗೆ, ನಿಗದಿತ ಶುಲ್ಕ ಸದ್ಯಕ್ಕೆ ಬದಿಗಿಡೋಣ.

ಯ ≤ 88 ಆದರೆ, ಬ = 0
88 < ಯ ≤ 200 ಆದರೆ, ಬ = 5.90 × (ಯ − 88)
ಯ > 200 ಆದರೆ, ಬ = 5.90 × ಯ

ಎಡಗಡೆ ಇರುವುದು ಪಿಯುಸಿಯಲ್ಲಿ ಓದಿ ಮರೆತ ಅಸಮಾನತೆಗಳು. ಬಲಗಡೆ ಇರುವುದು ಗ್ರಾಫ್ ಹಾಳೆಯಲ್ಲಿ ಸರಳ ರೇಖೆಯಾಗಿ ಬರುವ ಸಮೀಕರಣಗಳು. ಅಸಮಾನತೆ ಯಾವ ರೇಖೆ ಹಿಡಿಯಬೇಕೆಂದು ಹೇಳುತ್ತದೆ, ರೇಖೆ ಎಷ್ಟು ಕಟ್ಟಬೇಕೆಂದು ಹೇಳುತ್ತದೆ. ಫಾರ್ವರ್ಡ್ ಮಾಡುವವರು ಎಡವುವುದು ಮೊದಲನೆಯದರಲ್ಲಿ.

ಈ ಮನೆಯವರು 150 ಯೂನಿಟ್ ಉರಿಸಿದರೆ 62 × 5.90, ಅಂದರೆ 365.80 ರೂ. ಸರಿಯಾಗಿ 200 ಆದರೆ 660.80 ರೂ. ಇನ್ನು 201? ಮೂರನೇ ಸಾಲಿಗೆ ಜಾರಿದರು: 1,185.90 ರೂ. ಒಂದೇ ಯೂನಿಟ್‌ಗೆ 525.10 ರೂಪಾಯಿ ಹೆಚ್ಚು! ಮೀಟರ್ ಕೆಟ್ಟಿಲ್ಲ, ರೀಡರ್ ತಪ್ಪು ಬರೆದಿಲ್ಲ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕೆಂಬುದೇ ನಿಯಮ. ನಿಗದಿತ ಶುಲ್ಕವೂ ಅದರ ಮೇಲೆ ಸೇರುತ್ತದೆ.

ಎರಡೂ ರೇಖೆಗಳ ಓರೆ ಒಂದೇ, 5.90. ಹಾಗಾಗಿ ಅವು ರೈಲು ಹಳಿಯ ಹಾಗೆ ಸಮಾನಾಂತರ. ನಡುವಿನ ಅಂತರ 88 × 5.90 = 519.20 ರೂ., ಅಂದರೆ ಆ ತಿಂಗಳು ಕೈತಪ್ಪಿದ ಉಚಿತ ಪಾಲು. ಉಳಿದ 5.90 ರೂ. ಆ ಒಂದು ಯೂನಿಟ್‌ನ ಬೆಲೆ. ಉಚಿತ ಪಾಲು ದೊಡ್ಡದಿದ್ದಷ್ಟೂ ಈ ಜಿಗಿತ ದೊಡ್ಡದು.

‘≤’ ಮತ್ತು ‘<’ ಬೇರೆ ಎಂಬುದೂ ಇಲ್ಲಿ ಕಾಸಿನ ವಿಷಯವೇ. 200 ಒಳಗೆ, 201 ಹೊರಗೆ.

ಇದೇ ಅಸಮಾನತೆಯನ್ನು ತಿಂಗಳ ನಡುವೆ ಬಳಸಬಹುದು. ಕಳೆದ ಬಿಲ್‌ನಲ್ಲಿರುವ ರೀಡಿಂಗನ್ನು ಇವತ್ತಿನ ಮೀಟರ್ ಅಂಕಿಯಿಂದ ಕಳೆಯಿರಿ. 20 ದಿನಕ್ಕೆ 140 ಯೂನಿಟ್ ಆಗಿದೆ, ಮುಂದಿನ ರೀಡಿಂಗ್‌ಗೆ 10 ದಿನ ಇದೆ ಎಂದುಕೊಳ್ಳಿ. ದಿನದ ಬಳಕೆ ‘ದ’ ಆದರೆ:

140 + 10ದ ≤ 200
10ದ ≤ 60
ದ ≤ 6

ಇದುವರೆಗೆ ದಿನಕ್ಕೆ 7ರಂತೆ ಉರಿದಿದೆ. ಅದೇ ಗತಿಯಲ್ಲಿ ಹೋದರೆ 210. ದಿನಕ್ಕೆ ಒಂದು ಯೂನಿಟ್ ಇಳಿಸಬೇಕು. 1,000 ವ್ಯಾಟ್‌ನ ಹೀಟರ್ ಕಾಯಿಲ್ ಒಂದು ಗಂಟೆ ಉರಿದರೆ ಆಗುವುದೂ ಅಷ್ಟೇ, ಒಂದು ಯೂನಿಟ್.