ಸಿಲಿಂಡರಿನ ಆ ಒಂದಕ್ಷರ ಏನು ಹೇಳುತ್ತದೆ?

ಅಡುಗೆ ಅನಿಲದ ಸಿಲಿಂಡರ್ ಮನೆ ಬಾಗಿಲಿಗೆ ಬಂದಾಗ ಸಾಮಾನ್ಯವಾಗಿ ನಡೆಯುವುದು ಎರಡೇ ಕೆಲಸ. ಸೀಲು ಒಡೆದಿಲ್ಲವಷ್ಟೇ ಎಂದು ನೋಡುವುದು, ಹಣ ಕೊಟ್ಟು ರಸೀದಿ ಪಡೆಯುವುದು. ಮೇಲಿನ ಹಿಡಿಕೆಯ ಬಳೆಯನ್ನು ಹೊತ್ತು ನಿಂತಿರುವ ಮೂರು ಉಕ್ಕಿನ ಪಟ್ಟಿಗಳತ್ತ ಕಣ್ಣು ಹಾಯಿಸುವವರು ವಿರಳ. ಆ ಪಟ್ಟಿಗಳಲ್ಲೊಂದರ ಒಳಮೈಯಲ್ಲಿ ಬಣ್ಣದಿಂದ ಬರೆದ ಒಂದು ಇಂಗ್ಲಿಷ್ ಅಕ್ಷರವೂ ಎರಡು ಅಂಕಿಗಳೂ ಇರುತ್ತವೆ. ಉದಾಹರಣೆಗೆ, ‘ಬಿ-29’.

ಇದು ಅನಿಲದ ವಾಯಿದೆ ಮುಗಿಯುವ ದಿನಾಂಕವೆಂದು ಸಾರುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇವೆ. ಅದು ಅರ್ಧ ಸತ್ಯ ಮಾತ್ರ. ಅನಿಲವೇನೂ ಹಾಲಿನಂತೆ ಕೆಡುವ ವಸ್ತುವಲ್ಲ. ವಾಯಿದೆ ಇರುವುದು ಅದನ್ನು ಹೊತ್ತ ಉಕ್ಕಿನ ಪಾತ್ರೆಗೆ, ಅದೂ ಪಾತ್ರೆಯ ಆಯುಷ್ಯಕ್ಕಲ್ಲ, ಮುಂದಿನ ಪರೀಕ್ಷೆಗೆ. ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಭಾಗಗಳಾಗಿ ವಿಂಗಡಿಸಿ ಜನವರಿಯಿಂದ ಮಾರ್ಚ್‌ವರೆಗೆ ‘ಎ’, ಜೂನ್‌ವರೆಗೆ ‘ಬಿ’, ಸೆಪ್ಟೆಂಬರ್‌ವರೆಗೆ ‘ಸಿ’, ಡಿಸೆಂಬರ್‌ವರೆಗೆ ‘ಡಿ’ ಎಂದು ಗುರುತಿಸಲಾಗಿದೆ. ‘ಬಿ-29’ ಎಂದರೆ ಆ ಸಿಲಿಂಡರ್ 2029ರ ಜೂನ್ ಅಂತ್ಯದೊಳಗೆ ಮತ್ತೆ ಪರೀಕ್ಷೆಗೆ ಒಳಪಡಬೇಕು ಎಂದರ್ಥ. ಹೊಸ ಸಿಲಿಂಡರಿಗೆ ಮೊದಲ ಪರೀಕ್ಷೆ ಹತ್ತು ವರ್ಷಗಳ ನಂತರ, ಆಮೇಲೆ ಐದೈದು ವರ್ಷಕ್ಕೊಮ್ಮೆ. ಒಳಗೆ ನೀರು ತುಂಬಿ, ಬಳಕೆಯಲ್ಲಿ ಎಂದೂ ಬಾರದಷ್ಟು ಒತ್ತಡ ಹಾಕಿ, ಎಲ್ಲಿಯಾದರೂ ಸೋರುತ್ತದೆಯೇ, ಉಬ್ಬುತ್ತದೆಯೇ ಎಂದು ನೋಡುತ್ತಾರೆ. ಅವಧಿ ಮೀರಿದ ಸಿಲಿಂಡರ್ ಬಂದರೆ ಬಾಗಿಲಲ್ಲೇ ನಿರಾಕರಿಸಿ ಬೇರೆ ಕೇಳುವುದು ಗ್ರಾಹಕರ ಹಕ್ಕು.

ಅದೇ ಬಳೆ-ಪಟ್ಟಿಗಳ ಮೇಲೆ ಖಾಲಿ ಸಿಲಿಂಡರಿನ ತೂಕವೂ ನಮೂದಾಗಿರುತ್ತದೆ. ಅದಕ್ಕೆ 14.2 ಕಿಲೋ ಕೂಡಿಸಿದರೆ ತುಂಬಿದ ಸಿಲಿಂಡರಿನ ತೂಕ ಬರಬೇಕು. ಖಾಲಿ ತೂಕ 15.3 ಕಿಲೋ ಎಂದಿದ್ದರೆ ತಕ್ಕಡಿ 29.5 ತೋರಿಸಬೇಕು. ತೂಗಿ ತೋರಿಸುವಂತೆ ವಿತರಕನನ್ನು ಕೇಳಬಹುದು. ಕೇಳಲು ಸಂಕೋಚಪಡುವವರೇ ಹೆಚ್ಚೆಂಬುದು ಬೇರೆ ಮಾತು. ಇನ್ನು ತಳದ ಬಳೆಯಲ್ಲಿರುವ ತೂತುಗಳು ಅಲಂಕಾರಕ್ಕಲ್ಲ. ನೆಲ ಒರೆಸಿದ ನೀರು ಅಡಿಯಲ್ಲಿ ನಿಂತು ತುಕ್ಕು ಹಿಡಿಯದಂತೆ ಗಾಳಿಯಾಡಲು ಬಿಟ್ಟ ದಾರಿ ಅವು.

ಸಿಲಿಂಡರಿನ ಒಳಗಿರುವುದು ಬಹುಪಾಲು ದ್ರವ. ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಈ ಮಿಶ್ರಣ ಒತ್ತಡದಲ್ಲಿ ನೀರಿನಂತೆ ಕುಲುಕಾಡುತ್ತದೆ. ಒಲೆ ಹಚ್ಚಿದೊಡನೆ ಮೇಲ್ಮೈ ಕುದಿದು ಆವಿಯಾಗಿ ಹೊರಬರುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಒರೆಸುವ ಉಪಾಯ ಹಲವು ಮನೆಗಳಲ್ಲಿ ರೂಢಿಯಲ್ಲಿದೆ. ಅದು ಹುಸಿಯಲ್ಲ. ದ್ರವವಿರುವ ಭಾಗ ತಂಪಾಗಿದ್ದು ತಡವಾಗಿ ಆರುತ್ತದೆ, ಬರಿದಾದ ಮೇಲ್ಭಾಗ ಬೇಗ ಆರುತ್ತದೆ.

ಕೊನೆಯ ಹನಿಯನ್ನೂ ಬಿಡಬಾರದೆಂದು ಸಿಲಿಂಡರನ್ನು ಅಡ್ಡ ಮಲಗಿಸುವ ಅಥವಾ ಬಿಸಿನೀರಿನ ಬೋಗುಣಿಯಲ್ಲಿ ಇರಿಸುವ ಅಭ್ಯಾಸ ಮಾತ್ರ ಹಾಗಲ್ಲ. ಮಲಗಿಸಿದಾಗ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಅದು ಕೊಳವೆಯಲ್ಲಿ ಹಿಗ್ಗತೊಡಗಿದರೆ ಬರ್ನರಿನ ಜ್ವಾಲೆ ಹತೋಟಿ ತಪ್ಪುತ್ತದೆ. ಬಿಸಿನೀರು ಒಳಗಿನ ಒತ್ತಡವನ್ನೇ ಏರಿಸುತ್ತದೆ. ಒಂದೆರಡು ಹೊತ್ತಿನ ಅಡುಗೆ ಉಳಿಸಲು ತೆರುವ ಬೆಲೆ ಇದಲ್ಲ.

ಎಲ್ಲಕ್ಕಿಂತ ಅಚ್ಚರಿಯ ಸಂಗತಿ ವಾಸನೆಯದು. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯೇ ಇಲ್ಲವೆನ್ನಬೇಕು. ಸೋರಿದಾಗ ಮೂಗಿಗೆ ಬಡಿಯುವ ಆ ಕೊಳೆತ ಕೋಸಿನಂಥ ನಾತ ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ರಾಸಾಯನಿಕದ್ದು. ಹೀಗೆ ವಾಸನೆ ಬೆರೆಸುವುದು ಕಡ್ಡಾಯವಾಗಲು ಒಂದು ಘೋರ ದುರಂತ ಕಾರಣವಾಯಿತು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದಂತೆ ಶೇಖರವಾಗಿತ್ತು. ಕಾರ್ಯಾಗಾರದ ವಿದ್ಯುತ್ ಯಂತ್ರವೊಂದನ್ನು ಚಾಲೂ ಮಾಡಿದಾಗ ಹಾರಿದ ಕಿಡಿಗೆ ಇಡೀ ಕಟ್ಟಡ ಸಿಡಿಯಿತು. ಸತ್ತವರ ಸಂಖ್ಯೆ 300ರ ಸಮೀಪ, ಅವರಲ್ಲಿ ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಬೇಕೆಂಬ ಕಾನೂನು ಟೆಕ್ಸಾಸಿನಲ್ಲಿ ಅದೇ ವರ್ಷ ಬಂತು. ಮುಂದೆ ಈ ಪದ್ಧತಿ ಬೇರೆಡೆಗೂ ಹಬ್ಬಿತು. ಕೊಳೆತ ಮಾಂಸದಿಂದಲೂ ಇದೇ ಬಗೆಯ ವಾಸನೆ ಹೊಮ್ಮುವುದರಿಂದ, ಅಮೆರಿಕದಲ್ಲಿ ಅನಿಲ ಕೊಳವೆ ಎಲ್ಲಿ ಸೋರುತ್ತಿದೆ ಎಂಬುದನ್ನು ಮೇಲೆ ಸುತ್ತುವ ರಣಹದ್ದುಗಳಿಂದ ಸಿಬ್ಬಂದಿ ಗುರುತಿಸಿದ್ದೂ ಉಂಟು.

ಗಾಳಿಯಲ್ಲಿ ಶೇಕಡ 2ರ ಆಸುಪಾಸಿನಲ್ಲಿ ಅಡುಗೆ ಅನಿಲ ಬೆರೆತರೆ ಬೆಂಕಿ ಹತ್ತಲು ಕಿಡಿಯೊಂದು ಸಾಕು. ಅದಕ್ಕಿಂತ ಬಹಳ ಮೊದಲೇ, ಆ ಪ್ರಮಾಣದ ಐದನೆಯ ಒಂದು ಭಾಗದಷ್ಟಿದ್ದಾಗಲೇ, ವಾಸನೆ ಮೂಗಿಗೆ ತಿಳಿಯಬೇಕೆಂಬುದು ಲೆಕ್ಕಾಚಾರ. ಆದರೆ ಈ ಅನಿಲ ಗಾಳಿಗಿಂತ ಭಾರ. ಅದು ಮೇಲೇರಿ ಕಿಟಕಿಯಿಂದ ಹೊರಟುಹೋಗುವುದಿಲ್ಲ, ನೆಲ ಹಿಡಿದು ಹರಡುತ್ತದೆ, ಮೂಲೆಗಳಲ್ಲಿ ಮಡುಗಟ್ಟುತ್ತದೆ. ರಾತ್ರಿ ಸೋರಿಕೆಯಾದಾಗ ನಿಂತವರಿಗಿಂತ ನೆಲದ ಮೇಲೆ ಮಲಗಿದವರಿಗೆ ಅಪಾಯ ಹತ್ತಿರ.

ವಾಸನೆ ಬಂದಾಗ ಹೆಚ್ಚಿನವರು ತಪ್ಪುವುದು ಸ್ವಿಚ್ಚಿನ ವಿಷಯದಲ್ಲಿ. ದೀಪ ಹಾಕಬಾರದೆಂಬುದು ಹಲವರಿಗೆ ಗೊತ್ತು. ಉರಿಯುತ್ತಿರುವ ದೀಪವನ್ನು ಆರಿಸಲೂಬಾರದು ಎಂಬುದು ಕೆಲವರಿಗಷ್ಟೇ ಗೊತ್ತು. ಸ್ವಿಚ್ ಹಾಕುವಾಗಲೂ ತೆಗೆಯುವಾಗಲೂ ಒಳಗೆ ಸಣ್ಣ ಕಿಡಿ ಹುಟ್ಟುತ್ತದೆ. ಹೊಗೆ ಹೊರಗೆಳೆಯುವ ಫ್ಯಾನನ್ನು ಚಾಲೂ ಮಾಡುವುದೂ ಇದೇ ಕಾರಣಕ್ಕೆ ಸಲ್ಲದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮನೆಮಂದಿಯನ್ನೆಲ್ಲ ಹೊರಗೆ ಕಳುಹಿಸಬೇಕು. ಆಮೇಲೆ ಹೊರಗಿನಿಂದಲೇ 1906 ಸಂಖ್ಯೆಗೆ ಕರೆ ಮಾಡಬೇಕು. ಅಡುಗೆ ಅನಿಲ ಸೋರಿಕೆಗೆಂದೇ ಮೀಸಲಾದ ಈ ಸಹಾಯವಾಣಿ ಹಗಲೂ ರಾತ್ರಿಯೂ ಲಭ್ಯ.