ದಾದಿಗೇಕೆ ಇತಿಹಾಸದ ಪಾಠ?

ಕಳೆದ ವಾರ ಹಳ್ಳಿಯ ಕಡೆಯ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ದಯಮಾಡಿಸಿದ್ದರು. ಒಕ್ಕಲುತನದ ಮನೆತನ, ಮಗಳು ವಿಜ್ಞಾನ ವಿಷಯಗಳಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ಪಿ.ಯು.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿರುವಳು. ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿಯನ್ನೇ ಪಡೆಯಬೇಕೆಂಬದು ಅವಳ ಹಟ. ತಂದೆಗೆ ಮಗಳು ದಾದಿಯಾಗುವದು ಬೇಡವೆಂದಿಲ್ಲ. ಅಷ್ಟು ಮಟ್ಟಿಗೆ ಕಾಲವು ಸುಧಾರಿಸಿದೆಯೆಂದು ನಾವು ಸಂತೋಷಪಟ್ಟೆವು. ಅವರ ತಕರಾರು ಬೇರೆ. “ಮೂರು ವರ್ಷದ ಡಿಪ್ಲೋಮಾ ಮಾಡಿದರೂ ಅದೇ ಟೊಪ್ಪಿಗೆ, ಅದೇ ಕೆಲಸ. ಈ ಪದವಿಯ ಪಾಠಪಟ್ಟಿಯಲ್ಲಿ ಸಮಾಜಶಾಸ್ತ್ರವಂತೆ, ಮನಶ್ಶಾಸ್ತ್ರವಂತೆ. ಮಗಳು ಇನ್ನೊಂದು ಅಮೆರಿಕಾದ ಕಾಲೇಜಿನ ಪಟ್ಟಿಯನ್ನು ತೋರಿಸಿದಳು. ಅಲ್ಲಿ ದಾದಿಯಾಗುವವಳು ಇತಿಹಾಸವನ್ನೂ ಸಂಗೀತವನ್ನೂ ಓದಬಹುದಂತೆ. ಸೂಜಿ ಚುಚ್ಚುವವಳಿಗೆ ಅದೆಲ್ಲ ಏತಕ್ಕೆ ಸ್ವಾಮೀ?” ಎಂದು ಅವರು ಕೇಳಿದರು.

ಪ್ರಶ್ನೆಯು ನ್ಯಾಯವಾದದ್ದು. ಸ್ವತಃ ಮೆಟ್ರಿಕ್ಯುಲೇಶನ್ನಿನ ಆಚೆಗೆ ಕಾಲಿಡದ ನಮಗೆ ಪದವಿಗಳ ಬಗ್ಗೆ ಅತಿಯಾದ ಭಕ್ತಿಯೇನೂ ಇಲ್ಲ. ಆದರೂ ಆ ಗೃಹಸ್ಥರಿಗೆ ನಿಂತ ಕಾಲಿನ ಮೇಲೆ ಕೊಟ್ಟ ಉತ್ತರವು ನಮಗೇ ಸಮಾಧಾನವನ್ನುಂಟುಮಾಡಲಿಲ್ಲವಾದ್ದರಿಂದ, ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೊದಲು ಆ ಅಮೆರಿಕಾದ ಕಾಲೇಜಿನ ಮಾತು. ಹುಡುಗಿಯು ತೋರಿಸಿದ್ದು ಕೆಂಟಕಿ ಸಂಸ್ಥಾನದ ಬೆರಿಯಾ ಕಾಲೇಜಿನ ಪಟ್ಟಿ. ಅಪಲೇಚಿಯನ್ ಪರ್ವತಗಳ ಅಂಚಿನಲ್ಲಿರುವ ಈ ವಿದ್ಯಾಲಯದ ಚರಿತ್ರೆಯು ನಮ್ಮ ವಾಚಕರು ಅವಶ್ಯವಾಗಿ ತಿಳಿಯತಕ್ಕದ್ದು. ಸನ್ 1855ರಲ್ಲಿ, ನೀಗ್ರೋ ಜನರನ್ನು ಸಂತೆಯಲ್ಲಿ ದನಗಳಂತೆ ಮಾರುತ್ತಿದ್ದ ಕಾಲದಲ್ಲಿ, ಜಾನ್ ಫೀ ಎಂಬ ಪಾದ್ರಿಯು ಗುಲಾಮಗಿರಿಯ ನಾಡಿನೊಳಗೇ ನಿಂತು, ಗುಲಾಮಗಿರಿಯು ಪಾಪವೆಂದು ಸಾರುತ್ತ ಇದನ್ನು ಸ್ಥಾಪಿಸಿದನು. 1859ರಲ್ಲಿ ಊರಿನ ಬಲಿಷ್ಠರು ಅವನನ್ನೂ ಅವನ ಸಂಗಡಿಗರನ್ನೂ ಗಡಿಪಾರು ಮಾಡಿದರು. ಅಂತರ್ಯುದ್ಧವು ಮುಗಿದ ಮೇಲೆ ಅವರು ತಿರುಗಿ ಬಂದು 1866ರಲ್ಲಿ ಶಾಲೆಯನ್ನು ನಡೆಸಿದಾಗ ಅಲ್ಲಿ 96 ಮಂದಿ ಕರಿಯ ವಿದ್ಯಾರ್ಥಿಗಳೂ 91 ಮಂದಿ ಬಿಳಿಯ ವಿದ್ಯಾರ್ಥಿಗಳೂ ಒಂದೇ ಹಲಗೆಯ ಮೇಲೆ ಕುಳಿತಿದ್ದರು. 1904ರಲ್ಲಿ ಆ ಸಂಸ್ಥಾನದ ಸರಕಾರವು ಇಂಥ ಸಹಪಾಠವನ್ನು ನಿಷೇಧಿಸುವ ಕಾಯದೆಯನ್ನು ಮಾಡಿತು. ಕಾಲೇಜು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1908ರಲ್ಲಿ ಸೋತಿತು. 1950ರಲ್ಲಿ ಕಾಯದೆಯು ಸಡಿಲವಾದ ಕೂಡಲೆ ಬಾಗಿಲನ್ನು ಮತ್ತೆ ತೆರೆಯಿತು.

ಇಂಥ ಕಾಲೇಜಿನಲ್ಲಿ ಶುಶ್ರೂಷಾ ವಿದ್ಯೆಯು ಪದವಿಯ ವಿಷಯವಾಗಿರುವದು ಆಕಸ್ಮಿಕವಲ್ಲ. ಗುಡ್ಡಗಾಡಿನ ಬಡವರ ಮಕ್ಕಳಿಗಾಗಿಯೇ ಇರುವ ಈ ಸಂಸ್ಥೆಯು 1892ರಿಂದ ಬೋಧನಶುಲ್ಕವನ್ನು ತೆಗೆದುಕೊಂಡಿಲ್ಲ. ಅದರ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ತಾಸು ಕೈಕೆಲಸ ಮಾಡಬೇಕು. ಪೊರಕೆ ಕಟ್ಟುವದು, ನೇಯುವದು, ಹೊಲದ ಕೆಲಸ, ಕಚೇರಿಯ ಕೆಲಸ, ಗ್ರಂಥಾಲಯದ ಕೆಲಸ ಹೀಗೆ ಯಾವದಾದರೂ ಸರಿ. ಇದರಿಂದ ದಾದಿಯಾಗುವವಳಿಗೂ ವಿನಾಯಿತಿಯಿಲ್ಲ, ತತ್ವಶಾಸ್ತ್ರ ಓದುವವನಿಗೂ ವಿನಾಯಿತಿಯಿಲ್ಲ. ಮೂಲಶಿಕ್ಷಣದ ಹೆಸರಿನಲ್ಲಿ ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕೈಗೂ ತಲೆಗೂ ಮದುವೆ ಮಾಡಿಸಲು ಹೊರಟಾಗ ನಗಾಡಿದ ವಿದ್ವಾಂಸರು ನಮ್ಮಲ್ಲಿ ಬಹಳ ಮಂದಿ ಇದ್ದರು. ಆ ಮದುವೆಯು ಅದಕ್ಕೂ ಮೊದಲೇ ಇನ್ನೊಂದು ಖಂಡದಲ್ಲಿ ನೆರವೇರಿ, ಸಂಸಾರವು ಇಂದಿಗೂ ಸುಗಮವಾಗಿ ನಡೆದಿರುವದನ್ನು ಅವರು ನೋಡಬೇಕಾಗಿತ್ತು.

ಅಲ್ಲಿಯ ಶುಶ್ರೂಷಾ ವಿದ್ಯಾರ್ಥಿನಿಯು ಶರೀರರಚನೆ, ರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಆಹಾರಶಾಸ್ತ್ರ, ಔಷಧಶಾಸ್ತ್ರಗಳನ್ನು ಓದುವಳು. ದವಾಖಾನೆಗಳಲ್ಲಿ ಬಾಣಂತಿ, ಕೂಸು, ಮನೋರೋಗಿ, ಶಸ್ತ್ರಚಿಕಿತ್ಸೆಯಾದವರು ಇವರ ನಡುವೆ ಕೆಲಸ ಕಲಿಯುವಳು. ಅದರೊಂದಿಗೆ ಉಳಿದ ವಿದ್ಯಾರ್ಥಿಗಳ ಜತೆಯಲ್ಲಿಯೇ ಕುಳಿತು ಲೇಖನಕಲೆ, ಧರ್ಮವಿಚಾರ, ಕಲೆ, ಲೋಕಚರಿತ್ರೆ ಮುಂತಾದ ಪಾಠಗಳನ್ನೂ ಕೇಳುವಳು. ಇದನ್ನೇ ಅವರು ‘ಲಿಬರಲ್ ಆರ್ಟ್ಸ್’ ಎನ್ನುವರು. ನಾವು ಉದಾರವಿದ್ಯೆ ಎನ್ನಬಹುದು. ನಾಲ್ಕು ವರ್ಷಗಳ ತರುವಾಯ, ಪದವಿಯನ್ನು ಪಡೆದ ಮೇಲೂ ಇಡೀ ದೇಶಕ್ಕೆ ಸಾಮಾನ್ಯವಾದ ಒಂದು ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ರೋಗಿಯನ್ನು ಮುಟ್ಟುವಂತಿಲ್ಲ.

ಅಮೆರಿಕಾದಲ್ಲಿ ಈ ಏರ್ಪಾಡು ಸುಲಭವಾಗಿ ಬಂದುದಲ್ಲ. ಮೊದಮೊದಲು ಅಲ್ಲಿಯೂ ದಾದಿಯ ಶಾಲೆಯೆಂದರೆ ದವಾಖಾನೆಯ ಹಿತ್ತಲ ಬಾಗಿಲು. ಕಲಿಯುವ ನೆಪದಲ್ಲಿ ಹುಡುಗಿಯರಿಂದ ದಿನಕ್ಕೆ ಹನ್ನೆರಡು ತಾಸು ಪುಕ್ಕಟೆ ದುಡಿಸಿಕೊಂಡು, ಪಾಠವನ್ನು ರಾತ್ರಿ ನಿದ್ದೆಗಣ್ಣಿನಲ್ಲಿ ಹೇಳುತ್ತಿದ್ದರು. 1909ರಲ್ಲಿ ಮಿನೆಸೋಟಾ ವಿಶ್ವವಿದ್ಯಾನಿಲಯವು ಈ ಶಾಲೆಯನ್ನು ತನ್ನ ಆವರಣದೊಳಕ್ಕೆ ತಂದಿತು. 1918ರ ಬೇಸಿಗೆಯಲ್ಲಿ, ಮಹಾಯುದ್ಧವು ನಡೆಯುತ್ತಿದ್ದಾಗ, ವಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಒಂದು ಅಪೂರ್ವ ಪ್ರಯೋಗವು ನಡೆಯಿತು. ಸಾಹಿತ್ಯ, ಗಣಿತ, ಇತಿಹಾಸಗಳಲ್ಲಿ ಆಗಲೇ ಪದವಿ ಪಡೆದಿದ್ದ ನಾನೂರಕ್ಕೂ ಮಿಕ್ಕಿದ ತರುಣಿಯರು ಅಲ್ಲಿ ಹನ್ನೆರಡು ವಾರ ಮೂಲಪಾಠಗಳನ್ನು ಕಲಿತು, ಅನಂತರ ಎರಡು ವರ್ಷ ದವಾಖಾನೆಗಳಲ್ಲಿ ಅಭ್ಯಾಸ ಮಾಡಲು ಹೊರಟರು. ಓದಿದವಳು ಮಲದ ಪಾತ್ರೆಯನ್ನು ಎತ್ತಲಾರಳೆಂಬ ಮಾತಿಗೆ ಅವರೇ ಉತ್ತರವಾದರು. 1923ರಲ್ಲಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಎಂಬಾಕೆಯು ಸಿದ್ಧಪಡಿಸಿದ ವರದಿಯು ಪುಕ್ಕಟೆ ದುಡಿಮೆಯ ಈ ಪದ್ಧತಿಯನ್ನು ಬಯಲಿಗೆಳೆಯಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ವತಂತ್ರವಾದ ಶುಶ್ರೂಷಾ ವಿದ್ಯಾಲಯವು ತೆರೆಯಿತು.

ಇಷ್ಟೆಲ್ಲ ಏಕೆ, ಈ ವೃತ್ತಿಯ ಮೂಲಪುರುಷಳೆಂದೇ ಹೇಳಬೇಕಾದ ಫ್ಲಾರೆನ್ಸ್ ನೈಟಿಂಗೇಲಳನ್ನು ತೆಗೆದುಕೊಳ್ಳಿರಿ. ಅವಳ ಕೈಯಲ್ಲಿಯ ದೀಪವನ್ನು ಮಾತ್ರ ನಮ್ಮ ಪಠ್ಯಪುಸ್ತಕಗಳು ನೆನಪಿಟ್ಟುಕೊಂಡಿವೆ. ತಂದೆಯು ಮನೆಯಲ್ಲಿಯೇ ಅವಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸಗಳನ್ನು ಕಲಿಸಿದ್ದನೆಂಬದನ್ನೂ, ಅವಳು ಗಣಿತದಲ್ಲಿ ಆಸಕ್ತಳಾಗಿದ್ದಳೆಂಬದನ್ನೂ, ಸೈನಿಕರು ಗುಂಡಿಗಿಂತ ಹೆಚ್ಚಾಗಿ ಹೊಲಸಿನಿಂದಲೂ ಜಾಡ್ಯಗಳಿಂದಲೂ ಸಾಯುತ್ತಿದ್ದಾರೆಂಬದನ್ನು ಅವಳು ಅಂಕಿಗಳನ್ನು ಚಿತ್ರವಾಗಿ ಬರೆದು ತೋರಿಸಿದಳೆಂಬದನ್ನೂ, 1858ರಲ್ಲಿ ಇಂಗ್ಲೆಂಡಿನ ಅಂಕಿಸಂಖ್ಯಾ ಸಂಘವು ತನ್ನ ಮೊದಲನೆಯ ಸ್ತ್ರೀಸದಸ್ಯೆಯನ್ನಾಗಿ ಅವಳನ್ನು ಆರಿಸಿತೆಂಬದನ್ನೂ ಅವು ಹೇಳುವದಿಲ್ಲ. ಹಿಂದುಸ್ಥಾನದಲ್ಲಿದ್ದ ಬ್ರಿಟಿಷ್ ಸೈನ್ಯದಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂಬ ಲೆಕ್ಕವು 1863ರ ರಾಜಕೀಯ ಆಯೋಗದ ವರದಿಯಿಂದ ಬೆಳಕಿಗೆ ಬಂದಾಗ, ಅದರ ಹಿಂದೆ ದುಡಿದವಳು ಈ ದೇಶವನ್ನು ಒಮ್ಮೆಯೂ ಕಾಣದ ಅದೇ ದಾದಿ.

ಇನ್ನು ನಮ್ಮ ದೇಶದ ಮಾತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯು ತನ್ನ ವರದಿಯನ್ನು ಕೊಟ್ಟಾಗ ಬ್ರಿಟಿಷ್ ಹಿಂದುಸ್ಥಾನದಲ್ಲಿ ಸುಮಾರು 7,000 ದಾದಿಯರು ಮಾತ್ರ ಇದ್ದರು. 43,000 ಜನರಿಗೆ ಒಬ್ಬಳು. ಪರಕೀಯ ಆಳಿಕೆಯ ದೊಡ್ಡಸ್ತಿಕೆಯನ್ನು ಇನ್ನೂ ಹಾಡುವವರು ಈ ಒಂದು ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ. ಅದೇ ವರ್ಷದಲ್ಲಿಯೇ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯ ಬಿ.ಎಸ್‌ಸಿ. ಪದವಿಯು ಪ್ರಾರಂಭವಾಯಿತು, ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯದೆಯು ಬಂದಿತು. ದಿಲ್ಲಿಯ ಕಾಲೇಜಿಗೆ ಮುಂದೆ ಸ್ವತಂತ್ರ ಭಾರತದ ಮೊದಲನೆಯ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರ ಹೆಸರು ಬಂದಿತು. ದೇಶವಿಭಜನೆಯ ಗದ್ದಲದ ನಡುವೆಯೂ ದಾದಿಗೆ ಪದವಿಯು ಬೇಕೆಂದು ಯೋಚಿಸಿದ ಜನ ನಮ್ಮಲ್ಲಿದ್ದರು!

ಇಲ್ಲಿ ನಮ್ಮ ಮನಸ್ಸಿನಲ್ಲಿರುವ ಒಂದು ಅಡ್ಡಿಯನ್ನು ಮುಚ್ಚಿಡಲಾರೆವು. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣಂದಿರು ಶಸ್ತ್ರಚಿಕಿತ್ಸೆಯಾಗಿ ದವಾಖಾನೆಯಲ್ಲಿ ಮಲಗಿದ್ದರು. ಮೂರನೆಯ ರಾತ್ರಿ ಜ್ವರವಿರಲಿಲ್ಲ, ನಾಡಿಯೂ ಬಹಳ ಕೆಟ್ಟಿರಲಿಲ್ಲ. ಪಕ್ಕದಲ್ಲಿ ಕುಳಿತ ನಮಗೆ ಎಲ್ಲವೂ ಸರಿಯಾಗಿಯೇ ಕಂಡಿತು. ರಾತ್ರಿಪಾಳಿಯ ದಾದಿಯು ಬಂದು, ಗಡಿಯಾರವನ್ನು ಹಿಡಿದು, ಪೂರ್ತಿ ಒಂದು ನಿಮಿಷ ಅವರ ಉಸಿರನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಒಂದು ಮಾತನ್ನೂ ಆಡದೆ ಹೋಗಿ ಮಲಗಿದ್ದ ವೈದ್ಯರನ್ನು ಎಬ್ಬಿಸಿದಳು. ಉಳಿದೆಲ್ಲ ಲಕ್ಷಣಗಳಿಗಿಂತ ಮೊದಲು ಉಸಿರಿನ ವೇಗವೇ ಕೇಡನ್ನು ಸಾರುವದೆಂದು ನಮಗೆ ಆಮೇಲೆ ತಿಳಿಯಿತು. ಅಣ್ಣಂದಿರು ಬದುಕಿದರು, ಇಂದಿಗೂ ನಮ್ಮ ಅಗ್ರಲೇಖನಗಳಲ್ಲಿ ತಪ್ಪು ಹುಡುಕುತ್ತಿರುವರು. ಆ ದಾದಿಯು ಪದವೀಧರಳೇ ಎಂದು ಕೇಳಿದೆವು. ಅಲ್ಲ, ಮೂರು ವರ್ಷದ ಡಿಪ್ಲೋಮಾದವಳು.

ಹಾಗಾದರೆ ಆ ಗೃಹಸ್ಥರು ಹೇಳಿದ್ದೇ ನಿಜವೇ? ಒಬ್ಬಳ ಮಾತು ಬೇರೆ, ಸಮೂಹದ ಮಾತು ಬೇರೆ. 2003ರಲ್ಲಿ ಲಿಂಡಾ ಏಕನ್ ಮತ್ತು ಅವರ ಸಂಗಡಿಗರು ಪೆನ್ಸಿಲ್ವೇನಿಯಾ ಸಂಸ್ಥಾನದ 168 ದವಾಖಾನೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎರಡು ಲಕ್ಷಕ್ಕೂ ಮೀರಿದ ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಪದವೀಧರ ದಾದಿಯರ ಪ್ರಮಾಣವು ಶೇಕಡಾ 10ರಷ್ಟು ಹೆಚ್ಚಿದಲ್ಲಿ, ಮೂವತ್ತು ದಿನಗಳೊಳಗೆ ರೋಗಿಯು ಸಾಯುವ ಸಂಭವವು ಶೇಕಡಾ 5ರಷ್ಟು ಕಡಿಮೆಯಿತ್ತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ 300 ದವಾಖಾನೆಗಳಲ್ಲಿ ನೋಡಿದಾಗ ಅದು ಶೇಕಡಾ 7 ಆಗಿತ್ತು. ಅದೇ ಲೆಕ್ಕದ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು: ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿಯು ಹೆಚ್ಚಾದರೆ ಸಾವಿನ ಸಂಭವವು ಶೇಕಡಾ 7ರಷ್ಟು ಏರುತ್ತಿತ್ತು. ಪದವಿಯೇ ಪ್ರಾಣವನ್ನು ಉಳಿಸಿತೆಂದು ಈ ಅಂಕಿಗಳು ಪ್ರಮಾಣ ಮಾಡಿ ಹೇಳುವದಿಲ್ಲ. ಎರಡೂ ಕೂಡಿಕೊಂಡು ಬರುತ್ತವೆಂದಷ್ಟೇ ಹೇಳುತ್ತವೆ. ಆದರೆ ನ್ಯೂಯಾರ್ಕ್ ಸಂಸ್ಥಾನವು ಇಂಥ ಆಧಾರಗಳನ್ನು ಲಘುವಾಗಿ ಎಣಿಸಲಿಲ್ಲ. ಅಲ್ಲಿ ಹೊಸದಾಗಿ ಪರವಾನಗಿ ಪಡೆಯುವ ದಾದಿಯರು ಹತ್ತು ವರ್ಷಗಳೊಳಗೆ ಪದವಿಯನ್ನು ಪಡೆಯಬೇಕೆಂದು 2017ರಲ್ಲಿ ಕಾಯದೆಯೇ ಆಯಿತು.

ನಮ್ಮ ಸೀಮೆಯಲ್ಲಿ ಉದಾರವಿದ್ಯೆಯೆಂದರೆ ದಾದಿಗೆ ಮೊದಲು ಯಾವದು ಬೇಕು? ನಮ್ಮನ್ನು ಕೇಳಿದರೆ ಕನ್ನಡ. ಇದು ಅಭಿಮಾನದ ಮಾತೆಂದು ವಾಚಕರು ನಗಬಾರದು. ಬೆಂಗಳೂರು, ಮಂಗಳೂರುಗಳ ಶುಶ್ರೂಷಾ ಕಾಲೇಜುಗಳಿಗೆ ಕೇರಳದಿಂದಲೂ ಇನ್ನೂ ದೂರದ ಪ್ರಾಂತಗಳಿಂದಲೂ ಹುಡುಗ ಹುಡುಗಿಯರು ಬರುವರು. ಬರಲಿ, ಅವರ ದುಡಿಮೆಯಿಂದಲೇ ನಮ್ಮ ದವಾಖಾನೆಗಳು ನಡೆದಿವೆ. ಆದರೆ ನಮ್ಮ ಹಳ್ಳಿಯ ಮುದುಕಿಯು ತನ್ನ ನೋವನ್ನು ಹೇಳುವದಕ್ಕೆ ಎಷ್ಟು ಮಾತುಗಳನ್ನು ಇಟ್ಟುಕೊಂಡಿದ್ದಾಳೆ ನೋಡಿರಿ: ಚುಚ್ಚುತ್ತದೆ, ಉರಿಯುತ್ತದೆ, ಸೆಳೆಯುತ್ತದೆ, ನುಲಿಯುತ್ತದೆ, ಹಿಂಡುತ್ತದೆ, ಜೋಮು ಹಿಡಿಯುತ್ತದೆ. ಎದೆಯಲ್ಲಿ ಚುಚ್ಚುವದಕ್ಕೂ ಹಿಂಡುವದಕ್ಕೂ ಇರುವ ಭೇದವು ವೈದ್ಯನ ಲೆಕ್ಕದಲ್ಲಿ ಎಷ್ಟೋ ಸಲ ವಾಯುವಿಗೂ ಹೃದಯಾಘಾತಕ್ಕೂ ಇರುವ ಭೇದ. ‘ಸಂಕಟ’ವೆಂದರೆ ಒಬ್ಬರಿಗೆ ಮನಸ್ಸಿನ ವ್ಯಥೆ, ಇನ್ನೊಬ್ಬರಿಗೆ ಹೊಟ್ಟೆ ತೊಳಸುವಿಕೆ. ‘ತ್ರಾಸು’ ಎಂದರೆ ನಮ್ಮ ಕಡೆ ಏನು ಬೇಕಾದರೂ ಆಗಬಹುದು. ಇದನ್ನು ‘ಪೇನ್’ ಎಂಬ ಒಂದೇ ಪದದಲ್ಲಿ ಕಾಗದದ ಮೇಲೆ ಬರೆದಿಟ್ಟರೆ ಮುದುಕಿಯು ಹೇಳಿದ್ದೆಲ್ಲ ನೀರಿನಲ್ಲಿ ಹೋಯಿತು. ಪರಿಷತ್ತಿನ ಈಗಿನ ಪಾಠಪಟ್ಟಿಯ ಮೊದಲನೆಯ ಷಣ್ಮಾಸದಲ್ಲಿಯೇ ಇಂಗ್ಲಿಷ್ ಸಂಭಾಷಣೆಗೆ ಸ್ಥಳವಿದೆ. ದುಬೈ, ಲಂಡನ್ನುಗಳಿಗೆ ಹೋಗುವವರಿಗೆ ಅದು ಬೇಕು. ನರಗುಂದದಲ್ಲಿಯೋ ನವಲಗುಂದದಲ್ಲಿಯೋ ಮಲಗಿರುವ ರೋಗಿಯ ಭಾಷೆಯನ್ನು ಅಷ್ಟೇ ಶ್ರದ್ಧೆಯಿಂದ, ಪರೀಕ್ಷೆಯಿಟ್ಟು, ಅಂಕಗಳನ್ನು ಕೊಟ್ಟು ಕಲಿಸತಕ್ಕದ್ದೆಂಬದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಇನ್ನೊಂದು ಕೊರತೆಯೂ ಉಂಟು. ನಮ್ಮಲ್ಲಿ ಶುಶ್ರೂಷಾ ಕಾಲೇಜೆಂದರೆ ಸಾಮಾನ್ಯವಾಗಿ ಒಂಟಿ ಕಟ್ಟಡ. ಅಲ್ಲಿಯ ವಿದ್ಯಾರ್ಥಿನಿಯು ನಾಲ್ಕು ವರ್ಷಗಳಲ್ಲಿ ಅರ್ಥಶಾಸ್ತ್ರವನ್ನೋ ಸಾಹಿತ್ಯವನ್ನೋ ಓದುವ ಒಬ್ಬಳನ್ನಾದರೂ ಊಟದ ಸಾಲಿನಲ್ಲಿ ಕಾಣುವದಿಲ್ಲ. ಸಮಾಜಶಾಸ್ತ್ರವು ಪಟ್ಟಿಯಲ್ಲಿದ್ದರೂ ಅದು ಪ್ರಶ್ನೋತ್ತರದ ಕಿರುಹೊತ್ತಿಗೆಯಾಗಿ ಕೈಸೇರುವದೇ ಹೆಚ್ಚು. ಗ್ರಂಥಾಲಯಕ್ಕೆ ಬೀಗ, ಬೀಗದ ಕೈ ಗುಮಾಸ್ತನ ಹತ್ತಿರ, ಗುಮಾಸ್ತನು ಚಹಾಕ್ಕೆ ಹೋಗಿರುವನು.

ಓದು ಮುಗಿಸಿ ಹೊರಬಿದ್ದ ಮೇಲೆ ಅವಳಿಗೆ ದೊರೆಯುವದೇನು? ಖಾಸಗಿ ದವಾಖಾನೆಗಳ ದಾದಿಯರ ದುಸ್ಥಿತಿಯನ್ನು ಕೇಳಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಕೊಟ್ಟ ಆಜ್ಞೆಯಂತೆ ಕೇಂದ್ರ ಸರಕಾರವು ಒಂದು ಸಮಿತಿಯನ್ನು ನೇಮಿಸಿತು. ಐವತ್ತು ಹಾಸಿಗೆಗಳಿಗಿಂತ ಚಿಕ್ಕದಾದ ದವಾಖಾನೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಕೂಡದು, ಇನ್ನೂರು ಹಾಸಿಗೆಗಳನ್ನು ಮೀರಿದಲ್ಲಿ ಸರಕಾರೀ ದಾದಿಯರಿಗೆ ಸಮನಾದ ಸಂಬಳವಿರಬೇಕು ಎಂದು ಆ ಸಮಿತಿಯು ಹೇಳಿತು. ಹೇಳಿದ್ದಕ್ಕೂ ಕೈಗೆ ಬಂದದ್ದಕ್ಕೂ ಇರುವ ಅಂತರವನ್ನು ತಮಗೆ ಗೊತ್ತಿರುವ ಯಾವ ದಾದಿಯನ್ನಾದರೂ ವಾಚಕರು ಕೇಳಿ ನೋಡಬಹುದು. ಆ ಅಂತರವು ಇರುವ ತನಕ ಓದಿದವರು ಹಡಗು ಹತ್ತುವರು, ವಿಮಾನ ಹತ್ತುವರು. ಅವರನ್ನು ದೇಶದ್ರೋಹಿಗಳೆಂದು ಬಯ್ಯುವ ಬಾಯಿ ನಮಗಿಲ್ಲ.

ಇಷ್ಟನ್ನೂ ಆ ಗೃಹಸ್ಥರಿಗೆ ಮೊನ್ನೆ ಮತ್ತೊಮ್ಮೆ ಕರೆಸಿ ಹೇಳಿದೆವು. ಅವರು ಸಮಾಧಾನದಿಂದ ಕೇಳಿ, “ಅಮೆರಿಕಾದ ಮಾತಿರಲಿ. ಇಲ್ಲಿ ಕಾಲೇಜನ್ನು ಆರಿಸುವದು ಹೇಗೆ?” ಎಂದರು. ಕಾಲೇಜಿಗೆ ಸ್ವಂತ ದವಾಖಾನೆಯಿದೆಯೇ, ಅದರಲ್ಲಿ ಬರೇ ಹಾಸಿಗೆಗಳಿವೆಯೋ ಹಾಸಿಗೆಗಳ ಮೇಲೆ ರೋಗಿಗಳೂ ಇದ್ದಾರೆಯೋ, ಪರಿಷತ್ತಿನ ಮನ್ನಣೆಯು ಈ ವರ್ಷಕ್ಕೂ ಉಂಟೇ, ಪಾಠ ಹೇಳುವವರು ವಾರ್ಡಿಗೂ ಬರುವರೇ, ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವ ಪದ್ಧತಿಯುಂಟೇ ಎಂದು ವಿಚಾರಿಸಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆವು. ಮಗಳನ್ನೂ ಕರೆದೊಯ್ದು ವಾರ್ಡಿನಲ್ಲಿ ಒಂದು ತಾಸು ಕುಳ್ಳಿರಿಸಿರೆಂದೂ ಹೇಳಿದೆವು. ಅವರು ಚೀಟಿಯನ್ನು ಮಡಿಚಿ ಟೊಪ್ಪಿಗೆಯೊಳಗಿಟ್ಟುಕೊಂಡರು. ಬರುವ ಸೋಮವಾರ ತಂದೆ ಮಗಳು ಇಬ್ಬರೂ ಹುಬ್ಬಳ್ಳಿಗೆ ಹೋಗುವವರಿದ್ದಾರೆ.